ಅಚ್ಚಾಗುವ ಮೊದಲೇ ಹೊರಟ ಪ್ರತಿಗಳು

ಈ ವರ್ಷದ ವಿಜ್ಞಾನ ದಿನಕ್ಕೆ ನಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳು ಸರ್ ಸಿ.ವಿ. ರಾಮನ್ ಅವರ ಬಗ್ಗೆ ಒಂದು ಚಾರ್ಟ್ ಬರೆದಿದ್ದರು. ವಿಜ್ಞಾನದ ಟೀಚರ್ ಅಂದು ರಜೆ. ಹಾಗಾಗಿ ಚಾರ್ಟನ್ನು ನೋಡಿ ಗೋಡೆಗೆ ಹಾಕಿಸುವ ಕೆಲಸ ನನ್ನ ತಲೆಗೆ ಬಂತು. ನಾನೋ ಬಿ.ಎ. ಓದಿ ಸಮಾಜ ಪಾಠ ಮಾಡುವವನು. ನನಗೆ ಬರುವುದು ಇಸವಿ, ತಾರೀಕು ತಾಳೆ ನೋಡುವುದು ಮಾತ್ರ. ಅದನ್ನೇ ಮಾಡಿದೆ. ಚಾರ್ಟಿನಲ್ಲಿ ಮೂರು ತಾರೀಕುಗಳಿದ್ದವು. 1928ರ ಫೆಬ್ರುವರಿ 28, ಕಲ್ಕತ್ತೆಯಲ್ಲಿ ರಾಮನ್ ಪರಿಣಾಮ ಕಂಡದ್ದು. ಮಾರ್ಚ್ 16, ಬೆಂಗಳೂರಿನಲ್ಲಿ ಅದರ ಬಗ್ಗೆ ಉಪನ್ಯಾಸ. ಮಾರ್ಚ್ 31, ಪತ್ರಿಕೆಯಲ್ಲಿ ಪ್ರಕಟ.

ಅಂಟು ಹಚ್ಚುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು, "ಸರ್, ಅಚ್ಚಾಗುವ ಮೊದಲೇ ಎಲ್ಲರ ಎದುರು ಹೇಳಿದ್ರೆ ಬೇರೆ ಯಾರಾದ್ರೂ ಕದ್ದುಕೊಂಡು ಹೋಗ್ಲಿಕ್ಕಿಲ್ವಾ?"

ನಾನು ಏನೋ ಒಂದು ಹೇಳಿ ನುಣುಚಿಕೊಂಡೆ. ಆದರೆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನ ಬಲ್ಲ ಓದುಗ ಮಿತ್ರರು ತಪ್ಪಿದ್ದರೆ ತಿದ್ದಬೇಕು.

ರಾಮನ್ ಅವರ ಮಟ್ಟಿಗೆ ಉತ್ತರ ಸುಲಭ. ಅದೇ ಬೆಳಕಿನ ವಿದ್ಯಮಾನವನ್ನು ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಶ್ಟಾಮ್ ಎಂಬ ಇಬ್ಬರು ಸ್ಫಟಿಕದಲ್ಲಿ ಅದೇ ಫೆಬ್ರುವರಿ ತಿಂಗಳಲ್ಲಿ, ರಾಮನ್‌ಗಿಂತ ಒಂದು ವಾರ ಮೊದಲೇ ಕಂಡಿದ್ದರು. ಅವರು ಜರ್ಮನ್ ಪತ್ರಿಕೆಗೆ ಬರೆದು ಕಳಿಸಿದ್ದು ಮೇ ತಿಂಗಳಲ್ಲಿ, ಅದು ಅಚ್ಚಾದದ್ದು ಜುಲೈಯಲ್ಲಿ. ರಾಮನ್ ಕಾಯಲಿಲ್ಲ. ಮರುದಿನವೇ ಸುದ್ದಿಸಂಸ್ಥೆಗೆ ತಿಳಿಸಿದರು, ಲಂಡನ್ನಿನ 'ನೇಚರ್' ಪತ್ರಿಕೆಗೆ ಟಿಪ್ಪಣಿ ಕಳಿಸಿದರು, ಬೆಂಗಳೂರಿನ ಉಪನ್ಯಾಸವನ್ನು ಕೂಡಲೇ ಅಚ್ಚುಮಾಡಿಸಿ ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. 1930ರ ನೊಬೆಲ್ ಬಹುಮಾನ ಅವರೊಬ್ಬರಿಗೇ ಬಂತು. ಬೇಗ ಹೇಳಿದ್ದರಿಂದ ಕಳವಾಗಲಿಲ್ಲ, ಬೇಗ ಹೇಳಿದ್ದರಿಂದಲೇ ಅದು ಅವರದಾಯಿತು. ಆದರೆ ಇಲ್ಲಿ ಒಂದು ವಿಷಯ ಮರೆಮಾಚಬಾರದು. ಬೆಂಗಳೂರಿನ ಭಾಷಣ ಅಚ್ಚಾದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್' 1926ರಲ್ಲಿ ಸ್ವತಃ ರಾಮನ್ ಅವರೇ ಶುರುಮಾಡಿದ ಪತ್ರಿಕೆ. ಸ್ವಂತ ಪತ್ರಿಕೆ ಇದ್ದವರಿಗೆ ಕಾಯುವ ಕಷ್ಟ ಇಲ್ಲ. ಇಲ್ಲದವರು ಏನು ಮಾಡಬೇಕು?

ಸಂಶೋಧನೆ ಅಚ್ಚಾಗುವ ಕ್ರಮ ಹೀಗಿದೆ. ವಿಜ್ಞಾನಿ ಪ್ರಬಂಧ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸುತ್ತಾನೆ. ಸಂಪಾದಕರು ಅದನ್ನು ಆ ವಿಷಯ ಬಲ್ಲ ಇಬ್ಬರು ಮೂವರಿಗೆ ಪರಿಶೀಲನೆಗೆ ಕೊಡುತ್ತಾರೆ. ಅವರು ತಿದ್ದಲು ಹೇಳಬಹುದು, ಬೇಡ ಅನ್ನಲೂಬಹುದು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಅಷ್ಟರೊಳಗೆ ಆ ಬರಹವನ್ನು ಬೇರೆಯವರಿಗೆ ಓದಲು ಕೊಟ್ಟರೆ ಆ ಪ್ರತಿಗೆ ಪ್ರಿಪ್ರಿಂಟ್ ಎಂದು ಹೆಸರು. ಅಚ್ಚಿಗೆ ಮುಂಚಿನದು, ಅಷ್ಟೇ ಅರ್ಥ.

ಹೆಸರು ಹೊಸದು, ಕೆಲಸ ಹಳೆಯದು. ಪತ್ರಿಕೆಗಳೇ ಇಲ್ಲದ ಕಾಲದಲ್ಲಿ ಎಲ್ಲವೂ ಕಾಗದ ಪತ್ರದಲ್ಲೇ ನಡೆಯುತ್ತಿತ್ತು. ನಮ್ಮ ಹುಡುಗಿಯ ಭಯ ಗೆಲಿಲಿಯೋನಿಗೂ ಇತ್ತು. 1610ರಲ್ಲಿ ಶನಿಗ್ರಹದ ವಿಚಿತ್ರ ಆಕಾರ ಕಂಡಾಗ ಅವನು ಅದನ್ನು ಒಂದು ವಾಕ್ಯ ಮಾಡಿ, ಅಕ್ಷರಗಳನ್ನೆಲ್ಲ ಕಲಸಿ, ಗೂಢಲಿಪಿಯ ಹಾಗೆ ಕಳಿಸಿದ. ಮುಂದೆ ಯಾರಾದರೂ ತಾನು ಮೊದಲು ಕಂಡೆ ಅಂದರೆ ಅಕ್ಷರ ಜೋಡಿಸಿ ತೋರಿಸಬಹುದಲ್ಲ! ಕೆಪ್ಲರ್ ಅದನ್ನು ಬಿಡಿಸಲು ಹೋಗಿ ಮಂಗಳ ಗ್ರಹಕ್ಕೆ ಎರಡು ಚಂದ್ರರಿದ್ದಾರೆ ಎಂದು ಓದಿಕೊಂಡ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಹೆನ್ರಿ ಓಲ್ಡನ್‌ಬರ್ಗ್ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆ ಹೊರಡಿಸಿದ ಮೇಲೆ ಈ ಒಗಟಿನ ಆಟಕ್ಕೆ ಕೆಲಸ ಕಡಿಮೆಯಾಯಿತು. ತಾರೀಕು ಹಾಕಿ ಅಚ್ಚು ಮಾಡುತ್ತಾರೆ, ಮೊದಲು ಕಂಡವರು ಯಾರೆಂದು ಗೊತ್ತಾಗುತ್ತದೆ. ಪರಿಶೀಲನೆ ಎಂಬುದು ಮಾತ್ರ ನಾವು ಅಂದುಕೊಂಡಷ್ಟು ಪುರಾತನ ಕಟ್ಟಳೆ ಅಲ್ಲ. 'ನೇಚರ್' ಪತ್ರಿಕೆ ಎಲ್ಲ ಪ್ರಬಂಧಗಳಿಗೂ ಹೊರಗಿನವರ ಪರಿಶೀಲನೆ ಕಡ್ಡಾಯ ಮಾಡಿದ್ದು 1973ರಲ್ಲಿ ಎಂದು ಓದಿ ನನಗೇ ಆಶ್ಚರ್ಯವಾಯಿತು.

ನಮ್ಮವರಲ್ಲಿ ಸತ್ಯೇಂದ್ರನಾಥ ಬೋಸ್ ಅವರದೂ ಇಂಥದೇ ಕತೆ. 1924ರ ಜೂನ್ 4ರಂದು ಢಾಕಾದಿಂದ ತಮ್ಮ ಅಚ್ಚಾಗದ ಪ್ರಬಂಧವನ್ನು ನೇರ ಐನ್‌ಸ್ಟೈನ್ ಅವರಿಗೇ ಅಂಚೆಗೆ ಹಾಕಿದರು. ಮುಖಪರಿಚಯ ಇಲ್ಲ. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪತ್ರಿಕೆಗೆ ಕೊಟ್ಟರು. ಢಾಕಾದ ಅಧ್ಯಾಪಕರೊಬ್ಬರ ಲಕೋಟೆಯನ್ನು ಬರ್ಲಿನ್ನಿನ ದೊಡ್ಡ ಮನುಷ್ಯ ಒಡೆದು ಓದಿದ್ದು ನಮ್ಮ ಪುಣ್ಯ. ಎಲ್ಲ ಲಕೋಟೆಗಳಿಗೂ ಆ ಯೋಗ ಇರುವುದಿಲ್ಲ.

ಈಗ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಭಾಗಕ್ಕೆ ಬರುತ್ತೇನೆ. 1961ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್.ಐ.ಎಚ್.ನಲ್ಲಿ ಎರೆಟ್ ಆಲ್ಬ್ರಿಟನ್ ಎಂಬವರು ಒಂದು ಏರ್ಪಾಡು ಮಾಡಿದರು. ಹೆಸರು, ಮಾಹಿತಿ ವಿನಿಮಯ ಗುಂಪುಗಳು. ಒಂದು ವಿಷಯದಲ್ಲಿ ಕೆಲಸ ಮಾಡುವವರೆಲ್ಲ ಒಂದು ಗುಂಪಿಗೆ ಸದಸ್ಯರು. ಸದಸ್ಯರೊಬ್ಬರು ತಮ್ಮ ಬರಹ ಕಳಿಸಿದರೆ ಕಚೇರಿಯವರು ಅದರ ಪ್ರತಿಗಳನ್ನು ತೆಗೆದು ಗುಂಪಿನ ಎಲ್ಲರಿಗೂ ಉಚಿತವಾಗಿ ಅಂಚೆಯಲ್ಲಿ ಕಳಿಸುವುದು. ಪರಿಶೀಲನೆ ಇಲ್ಲ, ತಿದ್ದುವುದಿಲ್ಲ. ಇಂಥ 7 ಗುಂಪುಗಳಾದವು. ಏಳನೆಯದು ನ್ಯೂಕ್ಲಿಯಿಕ್ ಆಮ್ಲ ಮತ್ತು ತಳಿಸಂಕೇತದ ಗುಂಪು. ಡಿ.ಎನ್.ಎ. ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಕೂಡ ಅದರ ಮೂಲಕ ತಮ್ಮ ಬರಹ ಹಂಚಿದ್ದರು. ಕೊನೆಗೆ 3,600ಕ್ಕೂ ಹೆಚ್ಚು ಸದಸ್ಯರು, 2,500ಕ್ಕೂ ಹೆಚ್ಚು ಬರಹಗಳು. ಕಂಪ್ಯೂಟರ್ ಜಾಲ ಇಲ್ಲದ ಕಾಲದಲ್ಲಿ, ಬರೀ ಕಾಗದ ಮತ್ತು ಅಂಚೆಚೀಟಿಯಿಂದ ಇಷ್ಟು ನಡೆಯಿತು!

ಆಮೇಲೆ ಏನಾಯಿತು? ನಿಲ್ಲಿಸಿದರು. ಸಂಶೋಧನಾ ಪತ್ರಿಕೆಗಳವರಿಗೆ ಇದು ಹಿಡಿಸಲಿಲ್ಲ. ಪರಿಶೀಲನೆಯಾಗದ ಕಸ ಹರಡುತ್ತದೆ ಅಂದರು. ಅದರಲ್ಲಿ ನಿಜವೂ ಇತ್ತು. ಆದರೆ ಎಲ್ಲರ ಕೈಗೂ ಮೊದಲೇ ಪ್ರತಿ ಸಿಕ್ಕಿದರೆ ಚಂದಾ ಕೊಟ್ಟು ಪತ್ರಿಕೆ ಯಾರು ತರಿಸುತ್ತಾರೆ ಎಂಬ ಲೆಕ್ಕವೂ ಇದ್ದಿರಬೇಕೆಂದು ನನಗನ್ನಿಸುತ್ತದೆ. 1966ರಲ್ಲಿ ಜೀವರಸಾಯನ ವಿಜ್ಞಾನದ ಹಲವು ಪತ್ರಿಕೆಗಳ ಸಂಪಾದಕರು ಸೇರಿ, ಈ ಗುಂಪುಗಳಲ್ಲಿ ಹಂಚಿದ ಬರಹವನ್ನು ತಾವು ಅಚ್ಚು ಹಾಕುವುದಿಲ್ಲ ಎಂದು ತೀರ್ಮಾನಿಸಿದರು. ಅಚ್ಚಾಗದಿದ್ದರೆ ಕೆಲಸ ಇಲ್ಲ, ಬಡ್ತಿ ಇಲ್ಲ. 1967ರ ಹೊತ್ತಿಗೆ ಏರ್ಪಾಡು ಮುಚ್ಚಿತು. 1969ರಲ್ಲಿ ಅಮೆರಿಕದ ಒಂದು ಪ್ರಮುಖ ವೈದ್ಯಕೀಯ ಪತ್ರಿಕೆಯ ಸಂಪಾದಕ ಇಂಗಲ್‌ಫಿಂಗರ್, ಬೇರೆಡೆ ಮೊದಲೇ ಬಂದದ್ದು ನಮಗೆ ಬೇಡ ಎಂಬ ನಿಯಮವನ್ನು ಅವರ ಹೆಸರಿನಿಂದಲೇ ಕರೆಯುವಷ್ಟು ಗಟ್ಟಿ ಮಾಡಿದರು. ಜೀವವಿಜ್ಞಾನದವರಿಗೆ ತಮ್ಮದೇ ದೊಡ್ಡ ಪ್ರಿಪ್ರಿಂಟ್ ಭಂಡಾರ ಬರಲು 2013ರವರೆಗೆ ಕಾಯಬೇಕಾಯಿತು. ನಲವತ್ತಾರು ವರ್ಷ!

ಭೌತವಿಜ್ಞಾನಿಗಳು ಮಾತ್ರ ಯಾರ ಮಾತನ್ನೂ ಕೇಳದೆ ಹಂಚುತ್ತಲೇ ಇದ್ದರು. ಪ್ರಬಂಧ ಪತ್ರಿಕೆಗೆ ಹೋದ ದಿನವೇ ಜೆರಾಕ್ಸ್ ಪ್ರತಿಗಳು ಅಂಚೆಗೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಕಣವೇಗವರ್ಧಕ ಕೇಂದ್ರದ ಗ್ರಂಥಾಲಯದವರು 1969ರಿಂದ ಹೊಸ ಪ್ರಿಪ್ರಿಂಟ್‌ಗಳ ಪಟ್ಟಿಯನ್ನು ವಾರವಾರ ಹೊರಡಿಸುತ್ತಿದ್ದರು. ಆದರೆ ಪ್ರತಿ ತೆಗೆಯಲು, ಅಂಚೆಗೆ ಹಣ ಬೇಕು. ದೊಡ್ಡ ಸಂಸ್ಥೆಗಳು ತಮ್ಮಂಥ ದೊಡ್ಡ ಸಂಸ್ಥೆಗಳಿಗೆ ಕಳಿಸುತ್ತಿದ್ದವು. ಪಟ್ಟಿಯಲ್ಲಿ ಹೆಸರಿಲ್ಲದ ಸಣ್ಣ ಕಾಲೇಜಿನವನು, ಬಡ ದೇಶದವನು ಪತ್ರಿಕೆ ಅಚ್ಚಾಗಿ, ಹಡಗಿನಲ್ಲಿ ಬಂದು, ಗ್ರಂಥಾಲಯದ ಕಪಾಟಿಗೆ ಸೇರುವವರೆಗೆ ಕಾಯಬೇಕು. ಅಷ್ಟರಲ್ಲಿ ಪಟ್ಟಿಯಲ್ಲಿರುವವರು ಮುಂದಿನ ಸಂಶೋಧನೆಯನ್ನೂ ಮುಗಿಸಿರುತ್ತಾರೆ.

ಪಟ್ಟಿಯ ಕೊನೆಯಲ್ಲಿ ಇರುವುದೆಂದರೆ ಏನೆಂದು ನಮ್ಮ ಗಡಿನಾಡಿನ ಕನ್ನಡ ಶಾಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನಲ್ಲಿ ಮಲಯಾಳಂ ಪುಸ್ತಕ ಬಂದು ಎಷ್ಟೋ ದಿನಗಳ ಮೇಲೆ ಕನ್ನಡದ್ದು ಬಂದ ವರ್ಷಗಳನ್ನು ನಾವು ಕಂಡಿದ್ದೇವೆ. ಒಂದು ವರ್ಷ ಅಧ್ಯಾಪಕರ ಕೈಪಿಡಿ ಕನ್ನಡದಲ್ಲಿ ಬರುವ ಲಕ್ಷಣವೇ ಕಾಣಲಿಲ್ಲ. ಪಾಠ ನಿಲ್ಲಿಸಲಾಗುತ್ತದೆಯೇ? ನಾನೇ ಸಂವಿಧಾನದ ಪಾಠವನ್ನು ಮಲಯಾಳಂನಿಂದ ರಾತ್ರಿ ಕೂತು ಕನ್ನಡಕ್ಕೆ ಮಾಡಿ, ಮೇಲೆ 'ಕರಡು' ಎಂದು ಬರೆದು, ಜೆರಾಕ್ಸ್ ತೆಗೆದು ಕ್ಲಸ್ಟರ್ ಮೀಟಿಂಗಿನಲ್ಲಿ ಹಂಚಿದೆ. ಎಲ್ಲರಿಗೂ ಖುಷಿ. ಒಂದು ವಾರದ ಮೇಲೆ ಪಕ್ಕದ ಶಾಲೆಯ ಟೀಚರ್ ಫೋನ್ ಮಾಡಿ ನಗುತ್ತಾ ಕೇಳಿದರು, "ಮಾಷೆ, ಇದೆಂಥದು ಅವಸರ ಸಮಾನತೆ? ಎಲ್ಲರೂ ಒಟ್ಟಿಗೆ ಓಡಬೇಕಾ?" ಮಲಯಾಳಂನಲ್ಲಿ ಅವಸರ ಅಂದರೆ ಅವಕಾಶ. ನಾನು ನಿದ್ದೆಗಣ್ಣಿನಲ್ಲಿ ಹಾಗೆಯೇ ಎತ್ತಿ ಇಟ್ಟಿದ್ದೆ. ಅಷ್ಟು ಹೊತ್ತಿಗೆ ಎರಡು ಶಾಲೆಗಳ ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಾಗಿತ್ತು. ಕರಡು ಎಂದು ಬರೆದದ್ದನ್ನು ಮಾತ್ರ ಯಾರೂ ನೋಟ್‌ಬುಕ್ಕಿಗೆ ಇಳಿಸಿಕೊಂಡಿರಲಿಲ್ಲ.

ಇರಲಿ, ಭೌತವಿಜ್ಞಾನಿಗಳ ಕತೆಗೆ ಮರಳೋಣ. 1989ರ ಸುಮಾರಿಗೆ ಪ್ರಿನ್ಸ್‌ಟನ್‌ನಲ್ಲಿದ್ದ ಜೋಆನ್ ಕೋನ್ ಎಂಬ ತರುಣ ವಿಜ್ಞಾನಿ ಹೊಸ ಪ್ರಬಂಧಗಳ ಕಡತಗಳನ್ನು ಇಮೇಲಿನಲ್ಲಿ ಮಿತ್ರರಿಗೆ ಕಳಿಸತೊಡಗಿದರು. ಒಬ್ಬರು ಕೇಳಿದರು, ಇನ್ನೊಬ್ಬರು ಕೇಳಿದರು, ಪಟ್ಟಿ 180ರ ಆಸುಪಾಸಿಗೆ ಬೆಳೆಯಿತು. ಎಲ್ಲವನ್ನೂ ಅವರೇ ಕೈಯಾರೆ ಕಳಿಸುತ್ತಿದ್ದರು. ಸಂಬಳ ಇಲ್ಲದ ಕೆಲಸ. ಇತಿಹಾಸ ಬರೆಯುವವರು ಇಂಥವರ ಹೆಸರನ್ನು ಬಿಟ್ಟುಬಿಡುವುದೇ ಹೆಚ್ಚು, ಅದಕ್ಕೆ ಇಲ್ಲಿ ಬರೆದೆ. 1991ರ ಬೇಸಿಗೆಯಲ್ಲಿ ಕೊಲರಾಡೋದ ಆಸ್ಪೆನ್ ಎಂಬಲ್ಲಿ ವಿಜ್ಞಾನಿಗಳು ಸೇರಿದ್ದಾಗ ಒಬ್ಬರು, ನಾನು ಪ್ರಯಾಣದಲ್ಲಿರುವಾಗ ಈ ಪ್ರಬಂಧಗಳೆಲ್ಲ ಬಂದು ನನ್ನ ಕಂಪ್ಯೂಟರಿನ ಜಾಗ ತುಂಬಿಬಿಟ್ಟರೆ ಏನು ಮಾಡುವುದು ಎಂದು ಚಿಂತೆ ತೋಡಿಕೊಂಡರು. ಅದನ್ನು ಕೇಳಿಸಿಕೊಂಡ ಪಾಲ್ ಗಿನ್ಸ್‌ಪಾರ್ಗ್ ಅವರಿಗೆ ಹೊಳೆಯಿತು, ಎಲ್ಲರಿಗೂ ಎಲ್ಲವನ್ನೂ ಕಳಿಸುವ ಬದಲು ಒಂದೇ ಕಡೆ ಇಟ್ಟು, ಬೇಕಾದವರು ಬೇಕಾದ್ದನ್ನು ತೆಗೆದುಕೊಳ್ಳುವಂತೆ ಮಾಡಿದರೆ? 1991ರ ಆಗಸ್ಟ್ 14ರಂದು ಲಾಸ್ ಅಲಮೋಸ್ ಪ್ರಯೋಗಾಲಯದ ಅವರ ಕಂಪ್ಯೂಟರಿನಲ್ಲಿ ಅದು ಶುರುವಾಯಿತು. ವರ್ಷಕ್ಕೆ ನೂರು ಪ್ರಬಂಧ ಬರಬಹುದು ಎಂಬ ಅಂದಾಜಿತ್ತು. ಮೊದಲ ಆರು ತಿಂಗಳಲ್ಲೇ 400 ಬಂದವು.

ಅದೇ ಇವತ್ತಿನ 'ಆರ್ಕೈವ್'. 2001ರಲ್ಲಿ ಗಿನ್ಸ್‌ಪಾರ್ಗ್ ಜೊತೆ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. 2022ರ ಹೊತ್ತಿಗೆ 20 ಲಕ್ಷ ಪ್ರಬಂಧಗಳನ್ನು ದಾಟಿತ್ತು. ಓದಲು ಹಣ ಇಲ್ಲ, ಹಾಕಲೂ ಹಣ ಇಲ್ಲ. ಪರಿಶೀಲನೆ ಇಲ್ಲ, ಆದರೆ ವಿಷಯಕ್ಕೆ ಸಂಬಂಧವಿಲ್ಲದ್ದನ್ನು, ತೀರಾ ಅಸಂಬದ್ಧವಾದ್ದನ್ನು ತಡೆಯುವವರಿದ್ದಾರೆ. ತಾರೀಕು ಬೀಳುತ್ತದೆ. ತಿದ್ದಿದರೆ ಹೊಸ ಪ್ರತಿ ಮೇಲೆ ಬರುತ್ತದೆ, ಹಳೆಯದೂ ಅಲ್ಲೇ ಇರುತ್ತದೆ. ಕದಿಯುವ ಪ್ರಶ್ನೆಗೆ ಉತ್ತರ ಆ ತಾರೀಕಿನಲ್ಲೇ ಇದೆ.

2002ರಲ್ಲಿ ನಡೆದ ಎರಡು ಸಂಗತಿ ಹೇಳುತ್ತೇನೆ. ಐದಾರನೇ ತರಗತಿಯಲ್ಲಿ ನಾವು ಅವಿಭಾಜ್ಯ ಸಂಖ್ಯೆ ಹುಡುಕಲು ಎರಟೋಸ್ತನೀಸನ ಜರಡಿ ಹಿಡಿಯುತ್ತೇವಲ್ಲ. ದೊಡ್ಡ ಸಂಖ್ಯೆಗೆ ಆ ಜರಡಿ ಸಾಲದು. ಯಾವ ಸಂಖ್ಯೆಯಾದರೂ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ, ಅದೂ ಅತಿಯಾದ ಸಮಯ ಹಿಡಿಯದೆ ಹೇಳುವ ದಾರಿಯನ್ನು ಕಾನ್ಪುರ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದರು. ಒಂಬತ್ತು ಪುಟ. ಆಗಸ್ಟ್ ಮೊದಲ ವಾರ ಕೆಲವು ತಜ್ಞರಿಗೆ ಇಮೇಲ್ ಮಾಡಿದರು, 6ರಂದು ತಮ್ಮ ಸಂಸ್ಥೆಯ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟರು. 8ರಂದು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಸುದ್ದಿ. ಜಗತ್ತಿನ ಗಣಿತಜ್ಞರು ಅದರ ಮೇಲೆ ಬಿದ್ದು ಓದಿದರು, ಸರಿ ಅಂದರು. ಲೆನ್‌ಸ್ಟ್ರಾ ಎಂಬ ಹಿರಿಯ ಗಣಿತಜ್ಞರು ಸಾಧನೆಯ ಒಂದು ಭಾಗವನ್ನು ಇನ್ನಷ್ಟು ಸರಳ ಮಾಡಿಕೊಟ್ಟರು. ಪತ್ರಿಕೆಯಲ್ಲಿ ಅಚ್ಚಾದದ್ದು 2004ರಲ್ಲಿ, ಆ ಸರಳತೆಯನ್ನೂ ಸೇರಿಸಿಕೊಂಡು. ಬೋಸ್ ಅವರ ಹಾಗೆ ಒಬ್ಬ ಐನ್‌ಸ್ಟೈನ್ ಲಕೋಟೆ ಒಡೆಯಲಿ ಎಂದು ಇವರು ಕಾಯಬೇಕಾಗಲಿಲ್ಲ. ಕಯಾಲ್ ಮುಂದೆ ಬೆಂಗಳೂರಿಗೆ ಬಂದು ಸಂಶೋಧನೆ ಮುಂದುವರಿಸಿದರು.

ಅದೇ ವರ್ಷ ನವೆಂಬರ್ 11ರಂದು ರಷ್ಯಾದ ಗ್ರಿಗೋರಿ ಪೆರೆಲ್ಮನ್ ಆರ್ಕೈವ್‌ನಲ್ಲಿ ಒಂದು ಪ್ರಬಂಧ ಹಾಕಿದರು, ಮರುವರ್ಷ ಇನ್ನೆರಡು. 1904ರಿಂದ ಬಿಡಿಸಲಾಗದೆ ಉಳಿದ ಪ್ವಾಂಕರೆಯ ಸಮಸ್ಯೆಗೆ ಅದರಲ್ಲಿ ಉತ್ತರವಿತ್ತು. ಯಾವ ಪತ್ರಿಕೆಗೂ ಅವರು ಕಳಿಸಲೇ ಇಲ್ಲ. ಬೇರೆಯವರೇ ವರ್ಷಗಟ್ಟಲೆ ಕೂತು ಪರಿಶೀಲಿಸಿದರು. 2006ರಲ್ಲಿ ಫೀಲ್ಡ್ಸ್ ಪದಕ ಕೊಟ್ಟರೆ ಬೇಡ ಅಂದರು, 2010ರಲ್ಲಿ 10 ಲಕ್ಷ ಡಾಲರ್ ಬಹುಮಾನವೂ ಬೇಡ ಅಂದರು. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ ಅವಳಿಗೆ ಪ್ರಿಪ್ರಿಂಟ್ ಮರೆತುಹೋಗಿ, ಹತ್ತು ಲಕ್ಷ ಡಾಲರ್ ಎಂದರೆ ಎಷ್ಟು ರೂಪಾಯಿ ಎಂಬುದರಲ್ಲೇ ತಲೆ ನಿಂತಿತು.

ತಪ್ಪುಗಳೂ ಹೀಗೆಯೇ ಬೇಗ ಹೊರಡುತ್ತವೆ. 2011ರ ಸೆಪ್ಟೆಂಬರಿನಲ್ಲಿ ಯುರೋಪಿನ ವಿಜ್ಞಾನಿಗಳ ತಂಡವೊಂದು, ಜಿನೀವಾದ ಸೆರ್ನ್‌ನಿಂದ ಸುಮಾರು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೋಗೆ ಬಂದ ನ್ಯೂಟ್ರಿನೋ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಬೇಗ ತಲುಪಿದವು ಎಂದು ಆರ್ಕೈವ್‌ನಲ್ಲಿ ಹಾಕಿತು. ಐನ್‌ಸ್ಟೈನ್ ಸೋತರು ಎಂದು ಪತ್ರಿಕೆಗಳು ಬರೆದವು. ಆದರೆ ಆ ತಂಡದವರು ಹೇಳಿದ್ದು ಬೇರೆ, ನಮಗೆ ತಪ್ಪು ಸಿಗುತ್ತಿಲ್ಲ, ನೀವು ಹುಡುಕಿಕೊಡಿ ಎಂದು. ಸರಿಯಾಗಿ ಬಿಗಿಯದ ಒಂದು ಕೇಬಲ್ಲೇ ಮುಖ್ಯ ಕಾರಣ ಎಂದು 2012ರಲ್ಲಿ ತಿಳಿಯಿತು. ಯಾರಿಗೂ ನಷ್ಟವಾಗಲಿಲ್ಲ.

ನಷ್ಟವಾಗುವ ಜಾಗಕ್ಕೆ ಅದು ಬಂದದ್ದು 2020ರಲ್ಲಿ, ನಮ್ಮ ಊರಿನವರೆಗೂ. ಜನವರಿ 30ರಂದು ತ್ರಿಶೂರಿನಲ್ಲಿ ದೇಶದ ಮೊದಲ ಕೊರೋನಾ ರೋಗಿ ಪತ್ತೆಯಾದರು. ಮರುದಿನವೇ ದೆಹಲಿಯ ಕೆಲವು ಸಂಶೋಧಕರ ಪ್ರಬಂಧ ಜೀವವಿಜ್ಞಾನದ ಭಂಡಾರವಾದ 'ಬಯೋ-ಆರ್ಕೈವ್'ನಲ್ಲಿ ಬಂತು. ಈ ವೈರಸ್ಸಿನ ಮೇಲ್ಮೈಯ ಪ್ರೋಟೀನಿನಲ್ಲಿ ನಾಲ್ಕು ತುಣುಕುಗಳು ಎಚ್.ಐ.ವಿ.ಯನ್ನು ಹೋಲುತ್ತವೆ, ಇದು ಆಕಸ್ಮಿಕ ಇರಲಾರದು ಎಂದು. ಅಷ್ಟು ಚಿಕ್ಕ ತುಣುಕುಗಳು ಎಷ್ಟೋ ಜೀವಿಗಳಲ್ಲಿ ಇವೆ ಎಂದು ತಜ್ಞರು ಗಂಟೆಗಳೊಳಗೆ ತೋರಿಸಿದರು. ಫೆಬ್ರುವರಿ 2ರಂದು ಲೇಖಕರೇ ಪ್ರಬಂಧ ಹಿಂದೆಗೆದುಕೊಂಡರು. ಎರಡು ದಿನದಲ್ಲಿ ತಪ್ಪು ಸಿಕ್ಕಿಬಿತ್ತು. ಪತ್ರಿಕೆಯ ದಾರಿಯಲ್ಲಾದರೆ ಮೂರು ತಿಂಗಳು.

ಮರುದಿನ, ಫೆಬ್ರುವರಿ 3ರಂದು, ಕಾಞಂಗಾಡಿನಲ್ಲಿ ನಮ್ಮ ಜಿಲ್ಲೆಯ ಮೊದಲ ರೋಗಿ, ದೇಶಕ್ಕೆ ಮೂರನೆಯವರು. ವುಹಾನ್‌ನಿಂದ ಬಂದ ವಿದ್ಯಾರ್ಥಿ. ಮೊಬೈಲಿನಲ್ಲಿ ಆ ಹಿಂದೆಗೆದ ಪ್ರಬಂಧದ ಕತೆ ಆಗ ತಾನೇ ಕನ್ನಡದಲ್ಲಿ, ಮಲಯಾಳಂನಲ್ಲಿ ಓಡತೊಡಗಿತ್ತು. ಇದು ಏಡ್ಸ್ ಬೆರೆಸಿ ಮಾಡಿದ ರೋಗ, ನಮ್ಮ ವಿಜ್ಞಾನಿಗಳೇ ಹೇಳಿದ್ದಾರೆ ಎಂದು. ಹಿಂದೆಗೆದ ಸುದ್ದಿ ಯಾರ ಮೊಬೈಲಿಗೂ ಬರಲಿಲ್ಲ. ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ರಸ್ತೆಗೆ ಮಣ್ಣು ಬಿದ್ದು, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಕಡೆಯವರು ತೀರಿಕೊಂಡಾಗಲೂ ಆ ಮಾತು ಊರಲ್ಲಿ ಇತ್ತು. ವಿದೇಶದಿಂದ ಬಂದವರ ಮನೆಯ ಮಗುವಿನ ಪಕ್ಕ ನನ್ನ ಮಗನನ್ನು ಕೂರಿಸಬೇಡಿ ಎಂದು ಒಬ್ಬ ತಂದೆ ನನಗೇ ಫೋನ್ ಮಾಡಿದ್ದರು. ಶಾಲೆ ಮುಚ್ಚಿತ್ತು, ಆದರೂ ಫೋನ್ ಮಾಡಿದ್ದರು.

ಅದೇ ವರ್ಷ ಅದೇ ದಾರಿಯಲ್ಲಿ ಜೀವ ಉಳಿಸಿದ ಸುದ್ದಿಯೂ ಬಂತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬ್ರಿಟನ್ನಿನಲ್ಲಿ 6,000ಕ್ಕೂ ಹೆಚ್ಚು ರೋಗಿಗಳ ಮೇಲೆ ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಔಷಧಿಯನ್ನು ಪರೀಕ್ಷಿಸಿದರು. ವೆಂಟಿಲೇಟರಿನಲ್ಲಿದ್ದವರ ಸಾವು ಮೂರರಲ್ಲಿ ಒಂದು ಪಾಲಿನಷ್ಟು, ಆಮ್ಲಜನಕದಲ್ಲಿದ್ದವರ ಸಾವು ಐದರಲ್ಲಿ ಒಂದು ಪಾಲಿನಷ್ಟು ತಗ್ಗಿತು. ಜೂನ್ 16ರಂದು ಫಲಿತಾಂಶ ಹೇಳಿದರು, 22ರಂದು ಪೂರ್ತಿ ಲೆಕ್ಕ 'ಮೆಡ್-ಆರ್ಕೈವ್'ನಲ್ಲಿ ಪ್ರಿಪ್ರಿಂಟ್ ಆಗಿ ಬಂತು. ಪತ್ರಿಕೆಯಲ್ಲಿ ಬಂದದ್ದು ಜುಲೈ 17ಕ್ಕೆ. ನಡುವಿನ ಆ ಮೂರೂವರೆ ವಾರದಲ್ಲಿ ಜಗತ್ತಿನ ಯಾವ ಆಸ್ಪತ್ರೆಯ ವೈದ್ಯರೂ ಲೆಕ್ಕವನ್ನು ತಾವೇ ಓದಿ ನೋಡಬಹುದಿತ್ತು.

ಇತ್ತೀಚಿನ ಸಂಗತಿ ಒಂದಿದೆ. 2025ರ ಅಕ್ಟೋಬರ್ ಕೊನೆಗೆ ಆರ್ಕೈವ್‌ನವರು ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಸಮೀಕ್ಷೆಯ ಮತ್ತು ಅಭಿಪ್ರಾಯದ ಲೇಖನಗಳನ್ನು ಇನ್ನು ಮುಂದೆ, ಬೇರೆ ಕಡೆ ಪರಿಶೀಲನೆಯಾಗಿ ಒಪ್ಪಿಗೆ ಸಿಕ್ಕಿದ ಮೇಲೆಯೇ ತೆಗೆದುಕೊಳ್ಳುತ್ತೇವೆ ಅಂದರು. ಯಂತ್ರದಿಂದ ಬರೆಸಿದ ಲೇಖನಗಳು ಅಷ್ಟೊಂದು ಬಂದು ಬೀಳುತ್ತಿವೆಯಂತೆ. ಸಂಶೋಧನೆಯ ಪ್ರಬಂಧಗಳಿಗೆ ಈ ನಿಯಮ ಇಲ್ಲ. ಆದರೂ ಓದಿದಾಗ 1966ರ ಸಂಪಾದಕರ ನೆನಪಾಯಿತು.

ಚಾರ್ಟ್ ಇನ್ನೂ ಗೋಡೆಯಲ್ಲಿದೆ. ಹುಡುಗಿ ಮಾರ್ಚ್ 31ರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಾಳೆ, ಮಾಸ್ಕೋ, ಜುಲೈ ಎಂದು. ವಿಜ್ಞಾನದ ಟೀಚರ್ ಅದರ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ನಾಳೆ ಅವರಿಗೂ ಈ ಕತೆ ಹೇಳಬೇಕು.